ಲಾಲ್‌ಬಾಗಿನ ಮರಗಳ ಜೋಡಿ ಹೆಸರು

ಬೆಂಗಳೂರಿನ ಲಾಲ್‌ಬಾಗಿಗೆ ಬಂದವರ ದೃಷ್ಟಿ ಮೊದಲು ಗಾಜಿನ ಮನೆಯತ್ತ, ಬಳಿಕ ಹೂವಿನ ಪಾತಿಗಳತ್ತ ಹರಿಯುವುದು ಸಹಜ. ಮರಗಳಿಗೆ ತಗುಲಿಸಿದ ಪುಟ್ಟ ಫಲಕಗಳ ಮುಂದೆ ನಿಲ್ಲುವವರು ವಿರಳ. ನಿಂತವರೂ ಲ್ಯಾಟಿನ್ ಹೆಸರನ್ನು ಅರ್ಧ ಓದಿ, ನಾಲಗೆ ತೊಡರಿ, ಮುಂದೆ ಸಾಗುತ್ತಾರೆ. 1760ರಲ್ಲಿ ಹೈದರಾಲಿ ಆರಂಭಿಸಿದ ಈ ತೋಟದಲ್ಲಿ ದೇಶವಿದೇಶಗಳ ವೃಕ್ಷಗಳು ನೆರೆದಿರುವಂತೆ, ಆ ಹೆಸರುಗಳಲ್ಲಿಯೂ ದೇಶವಿದೇಶಗಳ ಭಾಷೆಗಳು ನೆರೆದಿವೆ.

ಪ್ರತಿಯೊಂದು ಹೆಸರಿನಲ್ಲಿಯೂ ಎರಡು ಪದ. ಮೊದಲನೆಯದು ಕುಲವನ್ನೂ, ಎರಡನೆಯದು ಆ ಕುಲದೊಳಗಿನ ಪ್ರಭೇದವನ್ನೂ ಸೂಚಿಸುತ್ತದೆ. ಸ್ವೀಡನ್ನಿನ ಲಿನೇಯಸನು 1753ರಲ್ಲಿ ಪ್ರಕಟಿಸಿದ ಗ್ರಂಥದಿಂದ ಈ ಪದ್ಧತಿ ನೆಲೆಗೊಂಡಿತು.

ಲ್ಯಾಟಿನ್ ಎಂದೊಡನೆ ಪರಕೀಯವೆಂದು ತಿಳಿಯಬೇಕಾಗಿಲ್ಲ. ಮಾವಿನ ಮರ ‘ಮಾಂಗಿಫೆರ ಇಂಡಿಕ’. ಮಲಯಾಳದ ‘ಮಾಂಗ’ ಪೋರ್ಚುಗೀಸರ ಬಾಯಿಗೆ ಬಿದ್ದು ಯೂರೋಪನ್ನು ಸೇರಿತು. ‘ಫೆರ’ ಎಂದರೆ ಹೊರುವುದು. ‘ಇಂಡಿಕ’ ಎಂದರೆ ಭಾರತದ್ದು. ಅಡಕೆಯ ಕುಲನಾಮ ‘ಅರೇಕ’ ಕೂಡ ನಮ್ಮ ದಕ್ಷಿಣದ ಮಾತೇ ವೇಷ ಮರೆಸಿಕೊಂಡು ನಿಂತಿರುವುದು. ಸಂಪಿಗೆಯ ಹೆಸರಂತೂ ಒಂದು ಸೀಮೋಲ್ಲಂಘನದ ವಿವಾಹ: ‘ಮಗ್ನೋಲಿಯ’ ಫ್ರಾನ್ಸಿನ ಸಸ್ಯಶಾಸ್ತ್ರಜ್ಞ ಪಿಯರ್ ಮಗ್ನೋಲನ ಸ್ಮಾರಕ, ‘ಚಂಪಕ’ ಸಂಸ್ಕೃತದ ಚಂಪಕವೇ.

ಆದರೆ ಹೆಸರನ್ನೇ ಜಾತಕವೆಂದು ನಂಬುವಂತೆಯೂ ಇಲ್ಲ. ಹುಣಿಸೆ ‘ಟಮರಿಂಡಸ್ ಇಂಡಿಕ’. ಅರಬರು ಅದರ ಹಣ್ಣನ್ನು ‘ಹಿಂದೂಸ್ಥಾನದ ಖರ್ಜೂರ’ ಎಂದು ಕರೆದರು. ಆ ಅರಬ್ಬೀ ಮಾತೇ ಮೊದಲ ಪದವಾಯಿತು. ಹೀಗೆ ಎರಡು ಪದಗಳಲ್ಲಿಯೂ ಭಾರತವಿದ್ದರೂ, ಮರದ ತವರು ಆಫ್ರಿಕ!

ಇನ್ನು ಉಚ್ಚಾರಣೆ. ಜಾಲಿಗಳ ಹಳೆಯ ಕುಲನಾಮವನ್ನು ಪ್ರಾಚೀನ ರೋಮನರ ರೀತಿಯಲ್ಲಿ ಓದಿದರೆ ‘ಅಕಾಕಿಯ’. ಇಂಗ್ಲಿಷರ ಬಾಯಲ್ಲಿ ಅದು ‘ಅಕೇಷಿಯ’. ಯಾವುದು ಸರಿ? ಸಸ್ಯನಾಮಗಳ ಅಂತರರಾಷ್ಟ್ರೀಯ ನಿಯಮಾವಳಿ ಅಕ್ಷರಗಳನ್ನು ಕಟ್ಟುನಿಟ್ಟಾಗಿ ಕಾಯುತ್ತದೆಯೇ ಹೊರತು ನಾಲಗೆಯನ್ನು ಕಟ್ಟಿಹಾಕುವುದಿಲ್ಲ. ಬರೆದಂತೆಯೇ ಓದುವ ಅಭ್ಯಾಸವುಳ್ಳ ಕನ್ನಡಿಗನಿಗೆ ಇಲ್ಲೊಂದು ಅನುಕೂಲವಿದೆ: ಯಾವ ಸ್ವರವನ್ನೂ ನುಂಗದೆ ಬಿಡಿಬಿಡಿಯಾಗಿ ನುಡಿದರೆ ಎಂತಹ ಉದ್ದದ ಹೆಸರೂ ಹದಕ್ಕೆ ಬರುತ್ತದೆ.

ಇಷ್ಟು ಶ್ರಮವೇಕೆಂದು ಕೇಳುವವರಿಗೆ ಅಶೋಕವೇ ಉತ್ತರ. ರಸ್ತೆಯ ಅಂಚಿನಲ್ಲಿ, ಮನೆಯ ಆವರಣದಲ್ಲಿ ಕಂಬದಂತೆ ನೆಟ್ಟಗೆ ಬೆಳೆಯುವ ಮರವನ್ನು ಜನ ಅಶೋಕವೆನ್ನುತ್ತಾರೆ. ಅದು ‘ಮೊನೂನ್ ಲಾಂಗಿಫೋಲಿಯಂ’, ಎಂದರೆ ನೀಳವಾದ ಎಲೆಯುಳ್ಳದ್ದು. ಕಿತ್ತಳೆ ಕೆಂಪಿನ ಹೂಗೊಂಚಲು ಬಿಡುವ ನಿಜವಾದ ಅಶೋಕ ‘ಸರಾಕ ಅಸೋಕ’. ಆಯುರ್ವೇದವು ಸ್ತ್ರೀರೋಗಗಳಿಗೆ ಹೇಳುವ ತೊಗಟೆ ಈ ಎರಡನೆಯ ಮರದ್ದು. ಗಿಡಮೂಲಿಕೆಯ ವ್ಯಾಪಾರದಲ್ಲಿ ಮೊದಲನೆಯದರ ತೊಗಟೆ ಇದರ ಹೆಸರಿನಲ್ಲಿ ಬೆರೆತು ಬರುವುದುಂಟು. ಔಷಧಕ್ಕಾಗಿ ಬಂದವಳಿಗೆ ಆಗ ದೊರೆಯುವುದು ಬರಿಯ ಹೆಸರು. ಊರ ಮಾತಿನಲ್ಲಿ ಎರಡೂ ಅಶೋಕವೇ. ಅವುಗಳನ್ನು ಬೇರ್ಪಡಿಸುವುದು ಫಲಕದ ಮೇಲಿನ ಆ ಎರಡು ಪದಗಳು ಮಾತ್ರ.