ಹತ್ತಿರ ಬಂದವರಿಗಷ್ಟೇ ಪರಿಮಳ

ನಮ್ಮ ಮನೆಗಳಲ್ಲಿ ಹೂವಿನ ಪರಿಮಳ ಮೊದಲು ದೇವರಿಗೆ ಸೇರಿದ್ದು. ಪೂಜೆಯ ಬುಟ್ಟಿಗೆ ಮೂಗು ತಂದ ಮಕ್ಕಳನ್ನು ಅಜ್ಜಿಯರು ಗದರಿಸದೆ ಬಿಡುತ್ತಿರಲಿಲ್ಲ. ಮೂಸಿದ ಹೂವು ದೇವರಿಗೆ ಸಲ್ಲದು. ಮಾರುಕಟ್ಟೆಯಲ್ಲೂ ಅಷ್ಟೇ. ರಾಶಿಯ ಮೇಲೆ ಬಾಗಿ ಉಸಿರೆಳೆದುಕೊಂಡರೆ ಹೂವಾಡಗಿತ್ತಿಯ ಹುಬ್ಬು ಗಂಟಿಕ್ಕುತ್ತದೆ. ಹೀಗಾಗಿ ಹೂವನ್ನು ಕಣ್ಣಿನಿಂದ, ಬೆರಳಿನಿಂದ ಆರಿಸುವುದನ್ನು ನಾವು ಚೆನ್ನಾಗಿ ಕಲಿತಿದ್ದೇವೆ. ಮೂಗಿನಿಂದ ಆರಿಸುವ ಅವಕಾಶ ಸಿಕ್ಕಿದ್ದು ಕಡಿಮೆ. ಹೂದಾನಿಗೆ, ಹೂಗುಚ್ಛಕ್ಕೆ ಕೊಳ್ಳುವ ಉದ್ದ ದಂಟಿನ ಹೂಗಳಿಗೆ ಮಾತ್ರ ಈ ಕಟ್ಟುಪಾಡಿಲ್ಲ. ಒಂದನ್ನು ಎತ್ತಿಕೊಳ್ಳಬಹುದು, ಮೂಸಬಹುದು, ಒಗ್ಗದಿದ್ದರೆ ಮರಳಿ ಇಡಬಹುದು. ಈ ಸಲಿಗೆ ನನಗೆ ಬಹಳ ಪ್ರಿಯ.

ಹೀಗೆ ಮೂಸಿ ಆರಿಸುತ್ತಾ ಬಂದಂತೆ ನನ್ನ ಒಲವು ಮಂದ ಪರಿಮಳದ ಕಡೆ ನಿಂತಿತು. ಮಲ್ಲಿಗೆ, ಸಂಪಿಗೆ, ಕೇದಿಗೆಗಳ ಗಾಢ ಪರಿಮಳದ ಮೇಲೆ ನನಗೆ ಮುನಿಸಿಲ್ಲ. ಅವು ಮುಡಿಗೆ, ಅಂಗಳಕ್ಕೆ, ಜಾತ್ರೆಯ ಬೀದಿಗೆ ಹೇಳಿ ಮಾಡಿಸಿದವು. ಅಲ್ಲಿ ಗಾಳಿ ಆಡುತ್ತದೆ, ಜನ ಓಡಾಡುತ್ತಾರೆ. ಹೂದಾನಿಯ ಹೂವಿನ ಬಾಳು ಬೇರೆ. ಅದು ನಾಲ್ಕು ಗೋಡೆಯೊಳಗೆ ನಮ್ಮ ಊಟ, ನಿದ್ದೆ, ಮಾತುಕತೆಗಳ ನಡುವೆ ದಿನಗಟ್ಟಲೆ ಇರುವ ಅತಿಥಿ. ಬಾಗಿಲು ತೆರೆದ ಕೂಡಲೇ ಮೇಲೆರಗುವ ಪರಿಮಳಕ್ಕಿಂತ, ಹತ್ತಿರ ಬಂದವರಿಗಷ್ಟೇ ಸಿಗುವ ಪರಿಮಳ ಅಲ್ಲಿಗೆ ಹಿತ.

ಸುಗಂಧರಾಜವನ್ನೇ ತೆಗೆದುಕೊಳ್ಳಿ. ಮೆಕ್ಸಿಕೋದಿಂದ ಬಂದು ನಮ್ಮ ಮದುವೆಮನೆಗಳ ಹಾರಕ್ಕೇ ಒಗ್ಗಿಹೋದ ಹೂವು. ಹಗಲೆಲ್ಲ ಸಂಕೋಚದಿಂದ ಇದ್ದದ್ದು ಹೊತ್ತು ಮುಳುಗುತ್ತಲೇ ಮನೆಯನ್ನೆಲ್ಲ ತುಂಬಿಬಿಡುತ್ತದೆ. ಅದರ ಸಹಜ ನೆಲೆಯಲ್ಲಿ ಪರಾಗಸ್ಪರ್ಶಕ್ಕೆ ಬರುವುದು ಇರುಳಿನ ಪತಂಗಗಳು. ಅವುಗಳನ್ನು ಕರೆಯುವ ಹೊತ್ತೇ ಅದು. ಇದರಲ್ಲಿ ಒಂದು ಸುತ್ತು ಎಸಳಿನದು ಮತ್ತು ಹಲವು ಸುತ್ತಿನದು ಎಂಬ ಎರಡು ಬಗೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಎರಡರಲ್ಲೂ ತಳಿಗಳನ್ನು ಕೊಟ್ಟಿದೆ: ಒಂಟಿ ಸುತ್ತಿನಲ್ಲಿ ಶೃಂಗಾರ್, ಪ್ರಜ್ವಲ್, ಹಲವು ಸುತ್ತಿನಲ್ಲಿ ಸುವಾಸಿನಿ, ವೈಭವ್. ಒಂಟಿ ಸುತ್ತಿನದರ ಘಾಟು ಹೆಚ್ಚು, ಅತ್ತರಿನವರಿಗೂ ಹಾರ ಕಟ್ಟುವವರಿಗೂ ಅದೇ ಬೇಕು. ಹಲವು ಸುತ್ತಿನದರ ಪರಿಮಳ ತುಸು ಮೆದು, ಹೂದಾನಿಗೆ ಅದು ಸರಿ. ದಂಟಿನ ಕೆಳಗಿನ ಎರಡು ಮೂರು ಹೂ ಅರಳಿ, ಮೇಲಿನವು ಇನ್ನೂ ಮೊಗ್ಗಾಗಿರುವುದನ್ನು ಆರಿಸಿದರೆ ದಿನಕ್ಕಿಷ್ಟರಂತೆ ಅರಳುತ್ತಾ ಹೋಗುತ್ತದೆ. ಕೋಣೆಗೆ ಒಂದು ಅಥವಾ ಎರಡು ದಂಟು ಸಾಕು. ಮಲಗುವ ಕೋಣೆಗಂತೂ ಬೇಡ.

ಲಿಲ್ಲಿಯಲ್ಲೂ ಹೆಸರು ಕೇಳಿಯೇ ಕೊಳ್ಳಬೇಕು. ಓರಿಯೆಂಟಲ್ ಲಿಲ್ಲಿ ಅಗಲವಾಗಿ ಅರಳಿ, ಪಕ್ಕದ ಕೋಣೆಯವರಿಗೂ ತಾನಿರುವುದನ್ನು ತಿಳಿಸುತ್ತದೆ. ಏಷಿಯಾಟಿಕ್ ಲಿಲ್ಲಿಗೆ ಬಣ್ಣವೇ ಎಲ್ಲ, ಪರಿಮಳ ಇಲ್ಲವೆನ್ನುವಷ್ಟು ಕಡಿಮೆ. ಮನೆಯಲ್ಲಿ ಬೆಕ್ಕಿದ್ದರೆ ಎರಡೂ ಬೇಡ. ಲಿಲ್ಲಿಯ ಎಲೆ, ಪರಾಗಗಳು ಬೆಕ್ಕಿಗೆ ವಿಷ.

ಇನ್ನು ಗುಲಾಬಿ. ಪಾಲಿಹೌಸಿನಿಂದ ಬರುವ ಡಚ್ ಗುಲಾಬಿಯನ್ನು ಮೂಗಿಗೆ ಹಿಡಿದಾಗ ಬಹುಮಟ್ಟಿಗೆ ಸಿಗುವುದು ಹಸಿರೆಲೆಯ ವಾಸನೆ. ಉದ್ದ ದಂಟು, ಗಟ್ಟಿ ಎಸಳು, ಪೆಟ್ಟಿಗೆಯಲ್ಲಿ ದೂರ ಸಾಗಿದರೂ ಬಾಡದ ಗುಣ ಇವನ್ನೇ ತಳಿಗಾರರು ಪೀಳಿಗೆಯಿಂದ ಪೀಳಿಗೆಗೆ ಆರಿಸುತ್ತಾ ಬಂದರು. ಪರಿಮಳ ಹಿಂದೆ ಉಳಿಯಿತು. ಗುಲಾಬಿಯ ಪರಿಮಳಕ್ಕೆ ನೆರವಾಗುವ ಒಂದು ಕಿಣ್ವವನ್ನು ಫ್ರಾನ್ಸಿನ ವಿಜ್ಞಾನಿಗಳು 2015ರಲ್ಲಿ ಗುರುತಿಸಿದರು. ಕಂಪಿಲ್ಲದ ತಳಿಯಲ್ಲಿ ಅದನ್ನು ತಯಾರಿಸುವ ಜೀನ್‌ನ ಕೆಲಸ ತೀರ ತಗ್ಗಿತ್ತು. ಹಾಗೆಂದು ಎಲ್ಲ ಗುಲಾಬಿಯೂ ಬರಡಲ್ಲ. ಅಂಗಡಿಯಲ್ಲಿ ಅರೆಬಿರಿದ ನಾಲ್ಕು ಬಣ್ಣಗಳನ್ನು ಒಂದೊಂದಾಗಿ ಮೂಸಿ ನೋಡಿ, ಯಾವುದಾದರೂ ಒಂದು ಉಳಿದವಕ್ಕಿಂತ ಹಿತವಾಗಿ ಮಾತಾಡಿಸುತ್ತದೆ. ಬಿಗಿ ಮೊಗ್ಗಿನಲ್ಲಿ ಮಾತ್ರ ಪರಿಮಳ ಹುಡುಕಬಾರದು.

ನನ್ನ ಮೆಚ್ಚಿನ ಹೂವು ಕಾರ್ನೇಷನ್. ನೀಲಗಿರಿಯ ತಂಪಿನಲ್ಲಿ ಬೆಳೆದು ಬರುವ ಈ ಹೂವಿನ ಒಳಗೆ ಲವಂಗದ ನೆನಪಿದೆ. ನೆನಪು ಮಾತ್ರವೂ ಅಲ್ಲ, ಲವಂಗಕ್ಕೆ ಕಂಪು ಕೊಡುವ ಯುಜಿನಾಲ್ ಇದರಲ್ಲೂ ಉಂಟು. ನೀರು ಬದಲಿಸುತ್ತಿದ್ದರೆ ಒಂದು ವಾರಕ್ಕೂ ಮಿಕ್ಕಿ ಬಾಳುತ್ತದೆ. ಮಾಗಿದ ಬಾಳೆ, ಮಾವಿನ ಪಕ್ಕದಲ್ಲಿ ಇಡಬೇಡಿ. ಹಣ್ಣು ಬಿಡುವ ಎಥಿಲೀನ್ ಅನಿಲಕ್ಕೆ ಕಾರ್ನೇಷನ್ ಬೇಗ ಮುದುಡುತ್ತದೆ.

ಜರ್ಬೆರಾ, ಗ್ಲ್ಯಾಡಿಯೋಲಸ್, ಆಸ್ಟರ್‌ಗಳಲ್ಲಿ ಕಂಪು ಇಲ್ಲವೆಂದರೂ ಸರಿ. ಅವಕ್ಕೆ ಜೊತೆಗಾರರನ್ನು ಹುಡುಕಲು ದೂರ ಹೋಗಬೇಕಿಲ್ಲ. ನಮ್ಮ ಹೂಕಟ್ಟುವವರು ಕನಕಾಂಬರಕ್ಕೆ ಪರಿಮಳವಿಲ್ಲವೆಂದು ಅದನ್ನು ಬಿಟ್ಟವರಲ್ಲ. ನಡುನಡುವೆ ಮರುಗ, ದವನ, ಪಚ್ಚೆತೆನೆ ಸೇರಿಸಿ ದಂಡೆ ಕಟ್ಟಿದರು. ಬಣ್ಣ ಒಂದರದು, ಕಂಪು ಇನ್ನೊಂದರದು. ಇದೇ ಉಪಾಯ ಹೂದಾನಿಗೂ ಚೆನ್ನ. ಕಿತ್ತಳೆ ಬಣ್ಣದ ಜರ್ಬೆರಾಗಳ ನಡುವೆ ಎರಡು ಕಡ್ಡಿ ದವನ ಸಿಕ್ಕಿಸಿ. ಅದರ ಕಂಪು ಎಲೆಯಲ್ಲಿದೆ. ಕೈ ತಾಗಿದರೆ ಬೆರಳಿಗೆ ಹತ್ತುತ್ತದೆ, ಒಣಗಿದ ಮೇಲೂ ಉಳಿಯುತ್ತದೆ. ಸೇವಂತಿಗೆಯ ಹಸಿರು ಒಗರು ವಾಸನೆಯೂ ಈ ಬಳಗದ್ದೇ.

ಮಂದ ಪರಿಮಳಕ್ಕೆ ದೊಡ್ಡ ಶತ್ರು ಕೊಳೆತ ನೀರು. ಎಷ್ಟು ನೋಡಿ ತಂದ ಹೂವೂ ಅದರ ಮುಂದೆ ಸೋಲುತ್ತದೆ. ನೀರಿನಲ್ಲಿ ಮುಳುಗುವ ಎಲೆಗಳನ್ನೆಲ್ಲ ಸವರಿ, ದಂಟಿನ ತುದಿಯನ್ನು ಓರೆಯಾಗಿ ಕತ್ತರಿಸಿ, ದಿನಬಿಟ್ಟು ದಿನ ನೀರು ಬದಲಿಸಿ, ಪಾತ್ರೆಯನ್ನು ತಿಕ್ಕಿ ತೊಳೆದರೆ ಸಾಕು. ಬಿಸಿಲು ಬೀಳುವ ಕಿಟಕಿಯಲ್ಲಿ ಇಟ್ಟರೆ ಪರಿಮಳ ಬೇಗ ಹಾರುತ್ತದೆ, ಹೂವೂ ಬೇಗ ಸೋಲುತ್ತದೆ.

ಜಾಗ ನೋಡಿ ಹೂವು ಆರಿಸುವುದು ಕೊನೆಯ ವಿವೇಕ. ಊಟದ ಮೇಜಿನ ಮೇಲೆ ತಿಳಿಸಾರಿನ ಇಂಗಿನ ಒಗ್ಗರಣೆಯೊಂದಿಗೆ ಯಾವ ಹೂವೂ ಪೈಪೋಟಿಗೆ ಇಳಿಯಬಾರದು. ಅಲ್ಲಿ ಕಂಪಿಲ್ಲದ ಆಸ್ಟರ್ ಮೇಲು. ತಲೆನೋವು, ಉಬ್ಬಸ ಇರುವವರ ಮನೆಗೂ ಅಷ್ಟೇ. ಓದುವ ಮೇಜಿಗೆ ಕಾರ್ನೇಷನ್, ಬಾಗಿಲ ಬಳಿಗೆ ಸುಗಂಧರಾಜ. ಕಾಯಿಲೆಯಿಂದ ಎದ್ದವರನ್ನು ನೋಡಲು ಹೋಗುವಾಗ ಮೊದಲು ಕೇಳಿಕೊಂಡು, ಆಮೇಲೆ ಕೊಳ್ಳಿ.

ಹೂವಿನಂಗಡಿಗೆ ಹೋದಾಗ ಯಾವ ಬಣ್ಣ ಬೇಕೆಂದು ಅವರು ಕೇಳುತ್ತಾರೆ, ಎಷ್ಟು ದುಡ್ಡಿನದೆಂದು ಕೇಳುತ್ತಾರೆ. ಈ ಹೂವು ಯಾರ ಕೋಣೆಯಲ್ಲಿ, ಎಷ್ಟು ದಿನ ಇರಬೇಕು ಎಂಬುದನ್ನು ನೀವೇ ಕೇಳಿಕೊಳ್ಳಬೇಕು. ಅದನ್ನು ಕೇಳಿಕೊಂಡು, ಒಮ್ಮೆ ಮೂಸಿ, ಆಮೇಲೆ ಗುಚ್ಛ ಕಟ್ಟಿಸಿ.