ಲೋಕಾಟ

ನಮ್ಮ ಮನೆಯ ಹಿತ್ತಿಲಲ್ಲಿ ಒಂದು ಮರವಿದೆ. ಅದರ ಹೆಸರನ್ನು ಮೊದಲ ಸಲ ಕೇಳಿದಾಗ ನಮ್ಮ ತಾಯಿಯವರು ನಕ್ಕರು. “ಲೋಕಾಟ? ಹಂಗಂದ್ರ ಲೋಕದ ಆಟ ಏನೋ ತಮ್ಮಾ?” ಎಂದರು. ಧಾರವಾಡದ ಕಡೆಯಿಂದ ದೆಹಲಿಗೆ ಬಂದ ಅವರಿಗೆ ಮಾವು, ಪೇರಲ, ನೇರಳೆಗಳ ಪರಿಚಯವಿತ್ತೇ ಹೊರತು ಈ ಹಣ್ಣಿನ ಪರಿಚಯವಿರಲಿಲ್ಲ. ದೆಹಲಿಯ ಗಾಡಿಯವರು ‘ಲೋಕಾಟ್’ ಎಂದು ಕೂಗುವ ಈ ಹೆಸರು ದಕ್ಷಿಣ ಚೀನದ ಕ್ಯಾಂಟನ್ ಸೀಮೆಯ ಮಾತಿನಿಂದ ಇಂಗ್ಲಿಷಿಗೆ ಹೋಗಿ, ಅಲ್ಲಿಂದ ನಮ್ಮ ಕಡೆಗೆ ಬಂದುದು. ಆದರೂ ತಾಯಿಯವರು ವಿನೋದಕ್ಕೆ ಹೇಳಿದ ಅರ್ಥವೇ ಕಡೆಗೆ ನಿಜವಾಯಿತು. ಅದು ಹೇಗಾಯಿತೆಂಬುದನ್ನು ವಿದ್ಯಾರ್ಥಿ ಮಿತ್ರರಿಗೆ ಹೇಳಬೇಕೆಂದಿದ್ದೇನೆ.

ಲೋಕಾಟ ಮೂಲತಃ ಚೀನ ದೇಶದ ಮರ. ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಥುನ್‌ಬೆರ್ಗ್ ಅದನ್ನು ಜಪಾನಿನಲ್ಲಿ ಕಂಡು, 1784ರಲ್ಲಿ ಪ್ರಕಟವಾದ ತನ್ನ ಜಪಾನೀ ಸಸ್ಯಗಳ ಗ್ರಂಥದಲ್ಲಿ ವರ್ಣಿಸಿದನು. ಅದರ ಶಾಸ್ತ್ರೀಯ ನಾಮದಲ್ಲಿ ಇಂದಿಗೂ ಜಪಾನಿನ ಹೆಸರೇ ಉಳಿದಿದೆ. ಸೇಬು, ಗುಲಾಬಿಗಳ ಕುಟುಂಬಕ್ಕೆ ಸೇರಿದುದಾದರೂ ಇದರ ನಡತೆ ಬೇರೆ. ಸೇಬಿನ ಮರ ವಸಂತದಲ್ಲಿ ಹೂಬಿಟ್ಟರೆ, ಇದು ಕಾರ್ತಿಕ ಮಾರ್ಗಶಿರಗಳ ಚಳಿಯಲ್ಲಿ ಹೂಬಿಡುತ್ತದೆ. ರೆಂಬೆಯ ತುದಿಯಲ್ಲಿ, ಕಂದುಬಣ್ಣದ ಉಣ್ಣೆಯಂತಹ ನವಿರು ಹೊದ್ದ ಗೊಂಚಲಿನಿಂದ ಬಿಳಿಯ ಹೂಗಳು ಅರಳಿ ಹಿತ್ತಿಲನ್ನೆಲ್ಲ ಪರಿಮಳದಿಂದ ತುಂಬುತ್ತವೆ. ಮಾವು ಇನ್ನೂ ಮಿಡಿಯಾಗಿರುವ ಮಾರ್ಚ್ ಏಪ್ರಿಲ್ ತಿಂಗಳುಗಳಲ್ಲಿ ಇದರ ಹಳದಿಯ ಹಣ್ಣುಗಳು ಮಾಗುತ್ತವೆ. ಹುಳಿ ಸಿಹಿ ಬೆರೆತ ರಸದ ಹಣ್ಣು. ಒಳಗೆ ನುಣುಪಾದ ಮೂರು ನಾಲ್ಕು ಕಂದು ಬೀಜಗಳು.

2006ರ ಏಪ್ರಿಲಿನಲ್ಲಿ ಅಂತಹ ನಾಲ್ಕು ಬೀಜಗಳನ್ನು ಒಂದು ಕುಂಡದಲ್ಲಿ ಊರಿದೆನು. ಒಣಗಿದ ಬೀಜಕ್ಕೆ ಮೊಳೆಯುವ ಶಕ್ತಿ ಬಹುಕಾಲ ಉಳಿಯದು. ಹಣ್ಣು ತಿಂದ ದಿನವೇ ಊರುವುದು ಲೇಸು. ಮೂರು ಮೊಳೆತವು. ಅವುಗಳಲ್ಲಿ ಬಲವಾದುದನ್ನು ಉಳಿಸಿಕೊಂಡು ಮರುವರ್ಷದ ಮಳೆಗಾಲದಲ್ಲಿ ನೆಲಕ್ಕೆ ಇಳಿಸಿದೆನು. ಗುಂಡಿಗೆ ಕೊಳೆತ ಸಗಣಿಗೊಬ್ಬರವನ್ನೂ ಮರಳನ್ನೂ ಬೆರೆಸಿ ತುಂಬಿದೆನು. ಏಕೆಂದರೆ ಬುಡದಲ್ಲಿ ನೀರು ನಿಂತರೆ ಇದರ ಬೇರು ಕೊಳೆಯುತ್ತದೆ. ಕಸಿಯ ಗಿಡ ಮೂರು ನಾಲ್ಕು ವರ್ಷಗಳಲ್ಲಿ ಫಲ ಕೊಡುವುದುಂಟು. ಬೀಜದ ಗಿಡವಾದರೋ ಏಳೆಂಟು ವರ್ಷ ಕಾಯಿಸುತ್ತದೆ. ನಮ್ಮದು 2014ರ ಚಳಿಗಾಲದಲ್ಲಿ ಮೊದಲ ಹೂವನ್ನು ಕಂಡಿತು. ಮುಂದಿನ ಮೂರು ವಸಂತಗಳಲ್ಲಿ ಮನೆಮಂದಿ ತಿಂದು, ಪರಿಚಿತರಿಗೆ ಹಂಚಿ, ಇನ್ನೂ ಮಿಗುವಷ್ಟು ಹಣ್ಣು ದೊರೆಯಿತು. ಎಲ್ಲವೂ ನನ್ನ ಆರೈಕೆಯ ಫಲವೆಂದು ನಾನು ಬೀಗಿದೆನು.

ಗೋಡೆಯಾಚೆಯ ಮನೆಯಲ್ಲಿಯೂ ಒಂದು ಹಳೆಯ ಲೋಕಾಟದ ಮರವಿತ್ತು. ಆ ಮನೆಯವರು ಪಂಜಾಬಿನ ವೃದ್ಧ ದಂಪತಿಗಳು. ಯಜಮಾನರನ್ನು ನಾವು ಬಾಬೂಜಿ ಎಂದೂ ಅವರ ಪತ್ನಿಯನ್ನು ಮಾತಾಜಿ ಎಂದೂ ಕರೆಯುತ್ತಿದ್ದೆವು. ಆ ಮರದ ಒಂದು ಕೊಂಬೆ ನಮ್ಮ ಕಡೆಗೆ ಬಾಗಿತ್ತು. ಲೋಕಾಟದ ಎಲೆ ಗೇಣುದ್ದ, ಗಡುಸು. ಬಿದ್ದರೆ ಬೇಗ ಕೊಳೆಯದು. ಅವು ನಮ್ಮ ಮೋರಿಯ ಬಾಯಿಗೆ ಕಟ್ಟಿಕೊಂಡು ಅಂಗಳದಲ್ಲಿ ನೀರು ನಿಲ್ಲುತ್ತಿತ್ತು. 2017ರ ಜೂನ್ ತಿಂಗಳಿನ ಒಂದು ಬೆಳಿಗ್ಗೆ ನಾನು ಗೋಡೆಯ ಬಳಿ ನಿಂತು, ಬಾಬೂಜಿಯವರ ವಯಸ್ಸನ್ನೂ ಲೆಕ್ಕಿಸದೆ, ಆಡಬಾರದ ಬಿರುಸಿನಲ್ಲಿ ಮಾತನಾಡಿದೆನು. ಅವರು ಒಂದು ಮಾತನ್ನೂ ಹಿಂದಿರುಗಿಸಲಿಲ್ಲ. ಆಗಸ್ಟ್ ಕೊನೆಯಲ್ಲಿ, ಸಂಬಂಧಪಟ್ಟವರ ಅಪ್ಪಣೆ ಪಡೆದು, ಆ ಮರವನ್ನು ಕಡಿಸಿದರು. ನಾನು ಕೇಳಿದ್ದು ಒಂದು ಕೊಂಬೆಯನ್ನು. ಅವರು ಮರವನ್ನೇ ತೆಗೆಸಿದರು. ತಾಯಿಯವರು ಆ ದಿನ ನನ್ನೊಡನೆ ಮಾತನಾಡಲಿಲ್ಲ. ನನಗೆ ಮಾತ್ರ ಮೋರಿ ಸರಾಗವಾದುದೇ ಸಮಾಧಾನವಾಗಿತ್ತು.

ಆ ಚಳಿಗಾಲದಲ್ಲಿ ನಮ್ಮ ಮರ ಎಂದಿಗಿಂತಲೂ ಹೆಚ್ಚಾಗಿ ಹೂಬಿಟ್ಟಿತು. ಆದರೆ 2018ರ ವಸಂತದಲ್ಲಿ ದೊರೆತ ಹಣ್ಣುಗಳು ಹನ್ನೊಂದು! ಗೊಂಚಲು ಗೊಂಚಲೇ ಒಣಗಿ ಉದುರಿತು. ಗೊಬ್ಬರ ಸಾಲದೆಂದು ಗೊಬ್ಬರ ಹಾಕಿದೆನು. ನೀರು ಹೆಚ್ಚಾಯಿತೆಂದು ನೀರನ್ನು ಕಡಿಮೆ ಮಾಡಿದೆನು. ಮರುವರ್ಷವೂ ಅದೇ ಕತೆ. 2019ರ ಬೇಸಗೆಯಲ್ಲಿ ಅನುಭವಸ್ಥರಾದ ಒಬ್ಬ ಮುದುಕ ಮಾಲಿಯನ್ನು ಕರೆತಂದೆನು. ಅವರು ನಮ್ಮ ಮರವನ್ನು ಹೆಚ್ಚು ನೋಡಲೇ ಇಲ್ಲ. ಗೋಡೆಯ ಆಚೆಗೆ ಇಣಿಕಿ, “ಇದರ ಜೊತೆಯ ಮರ ಎಲ್ಲಿ?” ಎಂದು ಕೇಳಿದರು.

ಆಮೇಲೆ ಪುಸ್ತಕಗಳನ್ನು ತೆರೆದು ಓದಿದೆನು. ಪರಾಗವು ಹೂವಿನ ಶಲಾಕಾಗ್ರದ ಮೇಲೆ ಬಿದ್ದು, ಮೊಳೆತು, ಸೂಕ್ಷ್ಮವಾದ ನಾಳವಾಗಿ ಅಂಡಾಶಯಕ್ಕೆ ಇಳಿಯಬೇಕು. ಆಗಲೇ ಕಾಯಿ ಕಚ್ಚುವುದು. ಲೋಕಾಟದ ಅನೇಕ ಮರಗಳಲ್ಲಿ ಹೂವು ತನ್ನದೇ ಪರಾಗದ ನಾಳವನ್ನು ನಡುದಾರಿಯಲ್ಲಿ ತಡೆದುಬಿಡುತ್ತದೆ. ಹೊರಗಿನ ಮರದ ಪರಾಗವನ್ನು ಬರಮಾಡಿಕೊಳ್ಳುತ್ತದೆ. ಒಂದೇ ತಳಿಯ ಕಸಿಗಿಡಗಳು ನೂರಿದ್ದರೂ ಅವೆಲ್ಲ ಒಂದೇ ಮರದ ತುಂಡುಗಳಾದುದರಿಂದ ಒಂದಕ್ಕೊಂದು ನೆರವಾಗಲಾರವು. ಆದುದರಿಂದಲೇ ಉತ್ತರ ಭಾರತದ ತೋಟಗಾರರು ಗೋಲ್ಡನ್ ಯೆಲ್ಲೋ ತಳಿಯ ನಡುವೆ ಕ್ಯಾಲಿಫೋರ್ನಿಯಾ ಅಡ್ವಾನ್ಸ್ ತಳಿಯನ್ನು ನೆಡುವುದುಂಟು. ಮೂರು ವರ್ಷ ನಾವು ತಿಂದ ಹಣ್ಣು ಬಾಬೂಜಿಯವರ ಮರದ ಪರಾಗದಿಂದ ಕಚ್ಚಿದುದಾಗಿತ್ತು. ಜೇನ್ನೊಣಗಳು ಅದನ್ನು ಗೋಡೆ ದಾಟಿಸಿ ತರುತ್ತಿದ್ದವು. ಆ ಮರದಿಂದ ಬಿದ್ದ ಎಲೆಗಳನ್ನು ನಾನು ಎಣಿಸಿದ್ದೆ. ಬಂದ ಪರಾಗವನ್ನು ಎಣಿಸಿರಲಿಲ್ಲ.

ಮರುದಿನ ಸಂಜೆ ಬಾಬೂಜಿಯವರ ಬಾಗಿಲಿಗೆ ಹೋದೆನು. ಎಲ್ಲವನ್ನೂ ಹೇಳಿ ತಲೆತಗ್ಗಿಸಿ ನಿಂತೆನು. ಅವರು ಕೋಪಿಸಿಕೊಂಡಿದ್ದರೆ ಸುಲಭವಾಗುತ್ತಿತ್ತು. “ಬೇಟಾ, ಎಲೆ ಬೀಳುತ್ತಿದ್ದುದು ಸುಳ್ಳಲ್ಲ. ಆದರೆ ಅಂದಿನಿಂದ ಮರವನ್ನು ನೋಡಿದಾಗಲೆಲ್ಲ ನಿನ್ನ ಮಾತೇ ನೆನಪಿಗೆ ಬರುತ್ತಿತ್ತು. ಅದಕ್ಕೇ ತೆಗೆಸಿದೆ” ಎಂದರು. ಅವರ ಹಿತ್ತಿಲಲ್ಲಿ ಒಂದು ಕಸಿಗಿಡವನ್ನು ನೆಡಲು ಅನುಮತಿ ಬೇಡಿದೆನು. “ಎಂಬತ್ತು ದಾಟಿದ ನನಗೆ ಅದರ ಹಣ್ಣು ಸಿಕ್ಕೀತೆ?” ಎಂದು ಅವರು ನಕ್ಕರು. ಒಳಗಿನಿಂದ ಮಾತಾಜಿಯವರು, “ನೆಡಲಿ ಬಿಡಿ, ನೆರಳಾದರೂ ಆದೀತು” ಎಂದರು.

ಜುಲೈ ತಿಂಗಳಿನಲ್ಲಿ ಗಿಡವನ್ನು ನೆಟ್ಟೆವು. ಅದು ಹೂಬಿಡುವವರೆಗೆ ಮಾಲಿಯವರು ಬೇರೊಂದು ಉಪಾಯ ಹೇಳಿಕೊಟ್ಟಿದ್ದರು. ಆ ಚಳಿಗಾಲದಲ್ಲಿ ಸ್ನೇಹಿತರೊಬ್ಬರ ಮನೆಯ ಲೋಕಾಟದಿಂದ ಹೂಬಿಟ್ಟ ರೆಂಬೆಗಳನ್ನು ತಂದು, ನೀರು ತುಂಬಿದ ಬಕೆಟ್ಟಿನಲ್ಲಿಟ್ಟು, ನಮ್ಮ ಮರದ ಕೊಂಬೆಗೆ ತೂಗುಹಾಕಿದೆನು. ಉಳಿದ ಕೆಲಸವನ್ನು ಜೇನ್ನೊಣಗಳು ನೋಡಿಕೊಂಡವು. 2020ರ ಮಾರ್ಚ್ 25ರಂದು ಯುಗಾದಿ; ಕೊರೋನಾ ರೋಗದ ನಿಮಿತ್ತ ದೇಶದಾದ್ಯಂತ ಲಾಕ್‌ಡೌನ್ ಆರಂಭವಾದುದೂ ಅಂದೇ. ಹಣ್ಣಿನ ಗಾಡಿ ಬರಲಿಲ್ಲ. ಯಾರೂ ಯಾರ ಮನೆಗೂ ಹೋಗುವಂತಿರಲಿಲ್ಲ. ಮರದಲ್ಲಿ ಮೊದಲ ಹಣ್ಣುಗಳು ಮಾಗಿದ್ದವು. ತಾಯಿಯವರು ದೇವರ ಮುಂದೆ ಐದು ಹಣ್ಣುಗಳನ್ನಿಟ್ಟು, ಉಳಿದುದನ್ನು ಅದೇ ಬಕೆಟ್ಟಿಗೆ ಹಾಕಿ, ಹಗ್ಗ ಕಟ್ಟಿ ಗೋಡೆಯಾಚೆಗೆ ಇಳಿಸಿದರು. ಬಕೆಟ್ಟು ಮೇಲೆ ಬಂದಾಗ ಅದರಲ್ಲಿ ಬಿಸಿ ಪರೋಟಗಳಿದ್ದವು.

ಪಕ್ಕದ ಮನೆಯ ಗಿಡ 2023ರ ವಸಂತದಲ್ಲಿ ಫಲಕೊಟ್ಟಿತು. ಮೊದಲ ಗೊಂಚಲನ್ನು ಮಾತಾಜಿಯವರು ಒಬ್ಬರೇ ನಮ್ಮ ಮನೆಗೆ ತಂದುಕೊಟ್ಟರು. ಬಾಬೂಜಿಯವರು ಅದರ ಹಿಂದಿನ ವರ್ಷ ತೀರಿಕೊಂಡಿದ್ದರು.

ಮಿತ್ರರೇ, ನಿಮ್ಮ ಮನೆಯಲ್ಲಿ ನಾಲ್ಕು ಅಡಿ ಜಾಗವಿದ್ದರೆ ಲೋಕಾಟವನ್ನು ನೆಡಿರಿ. ಮಹಡಿಯ ಮೇಲಾದರೆ ದೊಡ್ಡ ತೊಟ್ಟಿಯಲ್ಲಿ ಬೆಳೆಸಿರಿ. ಗೊಂಚಲುಗಳಿಗೆ ತೆಳುಬಟ್ಟೆಯ ಚೀಲ ಕಟ್ಟಿದರೆ ಹಕ್ಕಿಗಳಿಂದ ಹಣ್ಣು ಉಳಿಯುತ್ತದೆ. ಕಿತ್ತ ಮೇಲೆ ಇದು ಸಿಹಿಯಾಗದು. ಮರದಲ್ಲಿಯೇ ಪೂರ್ತಿ ಮಾಗಗೊಡಿರಿ. ಬೀಜವನ್ನು ಮಾತ್ರ ಅಗಿಯಬೇಡಿರಿ, ಅದರಲ್ಲಿ ವಿಷದ ಅಂಶವಿದೆ. ಗಿಡ ನೆಡುವ ಮುನ್ನ ಗೋಡೆಯಾಚೆಗೂ ಒಮ್ಮೆ ನೋಡಿರಿ.

ಎಲೆಗಳು ಈಗ ಎರಡೂ ಮರಗಳಿಂದ ಬೀಳುತ್ತವೆ. ಭಾನುವಾರದ ಬೆಳಿಗ್ಗೆ ನಾನು ಅವನ್ನು ಮೋರಿಯ ಬಾಯಿಂದ ಬಿಡಿಸಿ ಗೊಬ್ಬರದ ಗುಂಡಿಗೆ ಹಾಕುತ್ತೇನೆ. ಯಾವ ಎಲೆ ಯಾರ ಮರದ್ದೆಂದು ಗುರುತಿಸುವ ಗೋಜಿಗೆ ಹೋಗುವುದಿಲ್ಲ.