ಲೋಚೋ ಅಂಗಡಿಯ ತಕ್ಕಡಿಯಲ್ಲಿ ವಾಲಿಬಾಲ್

ಸೂರತ್ತಿನ ಉಧ್ನಾದ ಮುಖ್ಯರಸ್ತೆಯ ಆಟದ ಸಾಮಾನಿನ ಅಂಗಡಿಗಳ ಮುಂದೆ ಬಲೆಚೀಲದಲ್ಲಿ ಗೊಂಚಲು ಗೊಂಚಲಾಗಿ ತೂಗುವ ವಾಲಿಬಾಲ್‌ಗಳಲ್ಲಿ ಹೆಚ್ಚಿನವು ಹಳದಿ-ನೀಲಿ. ನಾನೂರು ರೂಪಾಯಿಯದ್ದೂ ಅದೇ ಬಣ್ಣ, ಅದರ ಹತ್ತು ಪಟ್ಟು ಬೆಲೆಯದ್ದೂ ಅದೇ ಬಣ್ಣ. ಹಿರೋಶಿಮಾದ ಮಿಕಾಸಾ ಕಂಪನಿಯ ಸುಳಿಸುಳಿ ಪಟ್ಟಿಯ ಚೆಂಡು 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಕಾಣಿಸಿಕೊಂಡದ್ದೇ ತಡ, ಅಗ್ಗದ ಚೆಂಡುಗಳೆಲ್ಲ ಅದರ ವೇಷ ಕಟ್ಟಿ ರಂಗಸ್ಥಳಕ್ಕೆ ಇಳಿದವು. 2019ರಲ್ಲಿ ಮಿಕಾಸಾ 8 ಪಟ್ಟಿ ಬಿಟ್ಟು 18 ಪಟ್ಟಿಯ ಹೊಸ ಚೆಂಡು ತಂದಿತು; ವೇಷಧಾರಿಗಳೂ ಸ್ವಲ್ಪ ಸಮಯದಲ್ಲೇ ಕಿರೀಟ ಬದಲಾಯಿಸಿಕೊಂಡರು.

ಹಾಗಾಗಿ ಕಣ್ಣಿನಿಂದ ವಾಲಿಬಾಲ್ ಆರಿಸುವವರನ್ನು ಕಂಡರೆ ನನಗೆ ಕನಿಕರ. ಚೆಂಡು ಕೊಳ್ಳುವುದು ನನಗೆ ಆಡುವಷ್ಟೇ ಪ್ರೀತಿಯ ಕೆಲಸ. ಮೊಣಕಾಲು ಮೊದಲಿನಂತೆ ಹಾರಲು ಒಪ್ಪದ ಈಚಿನ ವರ್ಷಗಳಲ್ಲಿ ಆಡುವುದಕ್ಕಿಂತ ಒಂದು ತೂಕ ಹೆಚ್ಚೇ ಎನ್ನಬಹುದು. ಅದಕ್ಕೆ ಸೂರತ್ತಿನಷ್ಟು ಹೇಳಿ ಮಾಡಿಸಿದ ಊರು ಬೇರೆ ಸಿಗಲಿಕ್ಕಿಲ್ಲ. ಇಲ್ಲಿನ ಬಟ್ಟೆ ವ್ಯಾಪಾರಿ ಸೀರೆಯ ಅಂಚನ್ನು ಹೆಬ್ಬೆರಳು, ತೋರುಬೆರಳುಗಳ ನಡುವೆ ಹಿಡಿದು ತಿಕ್ಕುತ್ತಾನೆ. ನೂಲು ಯಾವುದು, ಬೆಲೆ ಎಷ್ಟು ಎಂದು ಅಷ್ಟರಲ್ಲೇ ಹೇಳಿಬಿಡುತ್ತಾನೆ. ಈ ಊರಿನಲ್ಲಿ ಹೋಟೆಲು ನಡೆಸಿ ತಲೆ ನರೆತ ನನಗೂ ಆ ಚಾಳಿ ಅಂಟಿದೆ. ವ್ಯತ್ಯಾಸ ಇಷ್ಟೆ, ನಾನು ತಿಕ್ಕುವುದು ಚೆಂಡಿನ ಮೈಯನ್ನು.

ಮೊನ್ನೆ ಜೊತೆಗೆ ಅಕ್ಕನ ಮಗನಿದ್ದ. ಪಾಂಡೇಸರಾದ ಡೈಯಿಂಗ್ ಮಿಲ್ಲಿನಲ್ಲಿ ಲೆಕ್ಕ ಬರೆಯುವ ಹುಡುಗ, ಊರಿನಿಂದ ಬಂದು ಇನ್ನೂ ಹೆಚ್ಚು ದಿನವಾಗಿಲ್ಲ. ಅಂಗಡಿಯವ ನಮ್ಮನ್ನು ನೋಡಿದವನೇ ಕೇಳಿದ: “ಶೂಟಿಂಗ್ ಕೆ ಸ್ಮ್ಯಾಶಿಂಗ್?”

ಹುಡುಗ ಕಕ್ಕಾಬಿಕ್ಕಿ. ನಮ್ಮ ದಕ್ಷಿಣ ಕನ್ನಡದಲ್ಲಿ ವಾಲಿಬಾಲ್ ಎಂದರೆ ವಾಲಿಬಾಲ್, ಅದರಲ್ಲಿ ಪಂಗಡಗಳಿಲ್ಲ. ಉತ್ತರದ ಕಡೆ ಹಾಗಲ್ಲ. ಮುಷ್ಟಿ ಕಟ್ಟಿ ಚೆಂಡನ್ನು ದೂರಕ್ಕೆ ಅಟ್ಟುವ ಶೂಟಿಂಗ್ ಬಾಲ್ ಎಂಬ ಆಟವೂ ಇದೆ, ಅದರ ಚೆಂಡೇ ಬೇರೆ, ಗಟ್ಟಿ ಚರ್ಮದ್ದು. ಆ ಚೆಂಡಿಗೆ ಅಂಡರ್‌ಹ್ಯಾಂಡ್ ಕೊಟ್ಟರೆ ಮೊಣಕೈಯಿಂದ ಮಣಿಕಟ್ಟಿನವರೆಗೆ ಬಾಸುಂಡೆ ಏಳುತ್ತದೆ. ನಾನು “ಸ್ಮ್ಯಾಶಿಂಗ್, ಪೇಸ್ಟೆಡ್” ಎಂದೆ. ಎರಡನೆಯ ಶಬ್ದ ಕಿವಿಗೆ ಬಿದ್ದದ್ದೇ ಅಂಗಡಿಯವ ಮುಂದೆ ತೂಗಿದ್ದನ್ನು ಬಿಟ್ಟು ಒಳಗಿನ ಕಪಾಟಿಗೆ ಏಣಿ ಹಾಕಿದ.

ಪೇಸ್ಟೆಡ್ ಅಂದರೆ ಅಂಟಿಸಿದ ಚೆಂಡು. ಒಳಗೆ ಗಾಳಿಯ ಬ್ಲಾಡರ್, ಅದರ ಮೇಲೆ ಸುತ್ತಿಸುತ್ತಿ ಬಿಗಿದ ನೈಲಾನ್ ದಾರ, ಅದರ ಮೇಲೊಂದು ರಬ್ಬರಿನ ಪದರ, ಕೊನೆಗೆ ಸಿಂಥೆಟಿಕ್ ಲೆದರಿನ ಪಟ್ಟಿಗಳು. ದಾರ ಎಷ್ಟು ಸಮನಾಗಿ ಸುತ್ತಿದೆಯೋ ಚೆಂಡು ಅಷ್ಟು ದುಂಡಗೆ ಉಳಿಯುತ್ತದೆ. ಹೊಲಿದ ಚೆಂಡಿನಲ್ಲಿ ಈ ಏರ್ಪಾಡು ಹೀಗಿರುವುದಿಲ್ಲ, ಆಕಾರ ಹಿಡಿದಿಡುವ ಭಾರವೆಲ್ಲ ಹೊಲಿಗೆಯದ್ದು. ಸಮುದ್ರದಂಡೆಯ ಆಟಕ್ಕೆ ಹೊಲಿದದ್ದೇ ಸರಿ, ಅಲ್ಲಿ ಗಾಳಿಯನ್ನೂ ಕಡಿಮೆ ತುಂಬುತ್ತಾರೆ. ಒಳಾಂಗಣಕ್ಕೆ ಅಂಟಿಸಿದ್ದೇ ಬೇಕು. ಮೂರನೆಯದು ಅಚ್ಚಿನಲ್ಲಿ ಒತ್ತಿದ ರಬ್ಬರ್ ಚೆಂಡು. ಸಿಮೆಂಟ್ ಅಂಗಳದಲ್ಲಿ ವರ್ಷಗಟ್ಟಲೆ ಬಾಳುತ್ತದೆ, ಶಾಲೆಗಳಿಗೆ ಅಚ್ಚುಮೆಚ್ಚು. ಹೊಸದಾಗಿ ಕಲಿಯುವ ಮಕ್ಕಳ ಕೈಗೆ ಅದನ್ನು ಕೊಡುವುದು ಮಾತ್ರ ಅನ್ಯಾಯ. ನೋವಿಗೆ ಹೆದರಿ ಮಗು ಕಡೇ ಗಳಿಗೆಯಲ್ಲಿ ಕೈ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಒಮ್ಮೆ ಆ ಅಭ್ಯಾಸ ಮೈಗೆ ಹತ್ತಿತೋ, ಆಮೇಲೆ ಯಾವ ಕೋಚ್ ಬಂದರೂ ಅದನ್ನು ಬಿಡಿಸುವುದು ಕಷ್ಟ.

ನಾವು ಆಡುವ ಜಾಗವನ್ನು ಒಳಾಂಗಣ ಎನ್ನುವುದು ಸ್ವಲ್ಪ ಧಾರಾಳವಾಯಿತು. ಬಟ್ಟೆಯ ಥಾನು ಪೇರಿಸುತ್ತಿದ್ದ, ಈಗ ಖಾಲಿ ಬಿದ್ದಿರುವ ಗೋಡೌನು. ತಗಡಿನ ಮಾಡು, ಕೆಳಗೆ ಕೋಟಾ ಕಲ್ಲು. ಅಂಕಣದ ಮೇಲೆ ಕನಿಷ್ಠ 7 ಮೀಟರ್ ಅಡ್ಡಿಯಿಲ್ಲದ ಎತ್ತರ ಇರಬೇಕೆಂಬುದು ನಿಯಮ. ನಮ್ಮಲ್ಲಿ ಚೆಂಡು ಕಬ್ಬಿಣದ ತೊಲೆಗೆ ತಾಗಿದರೆ ಎಲ್ಲರೂ ಒಕ್ಕೊರಲಿನಿಂದ “ರೀಪ್ಲೇ” ಎನ್ನುತ್ತಾರೆ. ಗಂಜಾಂ ಕಡೆಯ ಒಡಿಯಾ ಮಗ್ಗದವರು, ತೆಲುಗಿನ ಪದ್ಮಶಾಲಿಗಳು, ಉಧ್ನಾ ಜಂಕ್ಷನ್ನಿನಿಂದ ಜಲಗಾಂವಿಗೆ ಹೋಗುವ ತಾಪ್ತಿ ಲೈನಿನ ಉದ್ದಕ್ಕೂ ಹಬ್ಬಿದ ಖಾನ್‌ದೇಶದ ಮರಾಠಿಗರು, ನಾವು ಒಂದಷ್ಟು ಕರಾವಳಿಯವರು. ಭಾಷೆ ಏನಿದ್ದರೂ ಚೆಂಡು ಇಬ್ಬರ ನಡುವೆ ಬೀಳುವಾಗ ಎಲ್ಲರೂ “ತೇರಾ ತೇರಾ” ಎಂದೇ ಕೂಗುವುದು.

ಏಣಿಯಿಂದ ಇಳಿದ ಅಂಗಡಿಯವ ಡಬ್ಬಿಗಳನ್ನು ಸಾಲಾಗಿ ಇಟ್ಟ. ಜಾಲಂಧರದ ನಿವಿಯಾ, ದಿಲ್ಲಿಯ ಕಾಸ್ಕೊ, ಹೆಸರೇ ಕೇಳದ ಇನ್ನೊಂದಷ್ಟು. ದೇಶ ಒಡೆದಾಗ ಸಿಯಾಲ್‌ಕೋಟಿನ ಕುಶಲಕರ್ಮಿಗಳು ಜಾಲಂಧರ, ಮೀರತ್‌ಗಳಿಗೆ ಬಂದು ನೆಲೆಯೂರದೆ ಇದ್ದಿದ್ದರೆ ನಮ್ಮ ಕೈಗೆಟುಕುವ ಬೆಲೆಗೆ ಚೆಂಡು ಸಿಗುತ್ತಿತ್ತೋ ಇಲ್ಲವೋ. ನನ್ನ ಮಿತಿ ಸಾವಿರದ ಆಸುಪಾಸು. ಅದಕ್ಕಿಂತ ತೀರಾ ಕೆಳಗೆ ಹೋದರೆ ಪ್ಲಾಸ್ಟಿಕ್ಕಿನಂತೆ ಜಾರುವ ಪಿವಿಸಿ ಮೈ. ಬೆವರು ತಾಗಿದರೆ ಫಿಂಗರ್ ಪಾಸ್ ಸೋಪಿನ ಗತಿ. ತೀರಾ ಮೇಲೆ ಹೋದರೆ ಕೋಟಾ ಕಲ್ಲಿನ ಮೇಲೆ ಆಡಿಸಲು ನಮಗೇ ಮನಸ್ಸು ಬಾರದು, ಚೆಂಡು ಡಬ್ಬಿಯಲ್ಲೇ ಮುದುಕನಾಗುತ್ತದೆ. ನಡುವಿನ ಬೆಲೆಯಲ್ಲಿ ಮೆತ್ತಗಿನ ಪಿಯು ಮೈ, ಅದೃಷ್ಟವಿದ್ದರೆ ಒಳ್ಳೆಯ ಬ್ಯುಟೈಲ್ ಬ್ಲಾಡರ್, ಎರಡೂ ಸಿಗುತ್ತವೆ. ಗಾಳಿ ಹಿಡಿದಿಡುವುದರಲ್ಲಿ ಬ್ಯುಟೈಲಿಗೆ ಸಾಟಿಯಿಲ್ಲ; ಲೇಟೆಕ್ಸ್ ಪುಟಿತದಲ್ಲಿ ಮೃದು, ಆದರೆ ಆಡಲು ಹೊರಟಾಗಲೆಲ್ಲ ಪಂಪು ಹುಡುಕಬೇಕು.

ಹುಡುಗ ಒಂದನ್ನು ಎತ್ತಿ ಹಿಡಿದು, “ಮಾಮ, ಇದು ಟೀವಿಯಲ್ಲಿ ತೋರಿಸುವುದೇ ಅಲ್ವಾ?” ಎಂದ.

“ಟೀವಿಯಲ್ಲಿ ತೂಕ ತೋರಿಸುವುದಿಲ್ಲ ಮಾರಾಯ” ಎಂದು ಜೇಬಿನಿಂದ ಟೇಲರ್ ಟೇಪು ತೆಗೆದೆ.

ಒಳಾಂಗಣ ಚೆಂಡಿನ ಸುತ್ತಳತೆ 65ರಿಂದ 67 ಸೆಂಟಿಮೀಟರ್, ತೂಕ 260ರಿಂದ 280 ಗ್ರಾಂ. ಅಂತಾರಾಷ್ಟ್ರೀಯ ನಿಯಮವೆಂದು ಮಾತ್ರ ಇದನ್ನು ಪಾಲಿಸುತ್ತೇನೆ ಎಂದುಕೊಳ್ಳಬೇಡಿ. ಈ ಅಂಕಿಗಳಲ್ಲಿ ಒಂದು ಕತೆಯಿದೆ. 1895ರಲ್ಲಿ ಅಮೆರಿಕದ ಹೋಲಿಯೋಕ್ ಎಂಬ ಊರಿನಲ್ಲಿ ವಿಲಿಯಂ ಮಾರ್ಗನ್ ಈ ಆಟ ಹೊಸೆದಾಗ ಅವನ ಕೈಯಲ್ಲಿ ಇದ್ದದ್ದು ಬಾಸ್ಕೆಟ್‌ಬಾಲ್. ಅದು ಭಾರ, ಕೈ ನೋಯುತ್ತಿತ್ತು. ಬರೀ ಅದರ ಬ್ಲಾಡರ್ ತೆಗೆದು ಆಡಿದರೆ ಹಗುರ, ತೇಲಾಡುತ್ತಿತ್ತು. ಎರಡರ ನಡುವಿನದೊಂದನ್ನು ಮಾಡಿಕೊಡಿ ಎಂದು ಸ್ಪಾಲ್ಡಿಂಗ್ ಕಂಪನಿಯನ್ನು ಕೇಳಿದ. ಅಂದಿನ ಸುತ್ತಳತೆ 25ರಿಂದ 27 ಇಂಚು. ಇಂದಿನದೂ ಅದರೊಳಗೇ ಬರುತ್ತದೆ. ಕೈಗೆ ನೋವಾಗಬಾರದು, ಗಾಳಿಗೆ ತೇಲಬಾರದು: ಚೆಂಡಿನ ಅಳತೆಯೆಲ್ಲ ಈ ಎರಡು ತಕರಾರುಗಳ ನಡುವೆ ನಡೆದ ರಾಜಿ. ಅಗ್ಗದ ಚೆಂಡು ಮಾಡುವವ ಮೊದಲು ಮುರಿಯುವುದು ಈ ರಾಜಿಯನ್ನೇ.

ಟೇಪು ಸುತ್ತುವಾಗ ಒಂದೇ ಕಡೆ ಸುತ್ತಿದರೆ ಸಾಲದು. ವಾಲ್ವಿನ ಮೇಲಿಂದ ಒಮ್ಮೆ, ಅಡ್ಡಕ್ಕೆ ಒಮ್ಮೆ. ಎರಡು ಅಳತೆಗಳೂ ಒಂದಕ್ಕೊಂದು ಹತ್ತಿರ ಇರಬೇಕು. ಒಂದು ಚೆಂಡಿನಲ್ಲಿ ವ್ಯತ್ಯಾಸ ಕಣ್ಣಿಗೇ ಕಾಣುವಷ್ಟಿತ್ತು. ಅದನ್ನು ಚೆಂಡು ಎನ್ನುವುದಕ್ಕಿಂತ ಪಪ್ಪಾಯಿ ಎನ್ನಬಹುದಿತ್ತು. ಉಳಿದವುಗಳ ತೂಕ ನೋಡಬೇಕಲ್ಲ? ಅಂಗಡಿಯವನಲ್ಲಿ ತಕ್ಕಡಿ ಇಲ್ಲ. ಪಕ್ಕದಲ್ಲೇ ಲೋಚೋ-ಖಮಣ್ ತಿಂಡಿ ಮಾರುವ ಅಂಗಡಿ. ಎರಡೂ ಅಂಗಡಿಯವರು ಪರಿಚಿತರು, ನನ್ನ ಚಾಳಿಯೂ ಅವರಿಗೆ ಹಳತು. ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಚೆಂಡು ನಿಲ್ಲುವುದಿಲ್ಲ, ಉರುಳುತ್ತದೆ. ಅದಕ್ಕೆ ಮೊದಲು ಸ್ಟೀಲ್ ಬಟ್ಟಲು ಇಟ್ಟು, ತೂಕ ಸೊನ್ನೆ ಮಾಡಿಸಿ, ಆಮೇಲೆ ಚೆಂಡು ಕೂರಿಸಬೇಕು. ಮೊದಲನೆಯದು ಮುನ್ನೂರು ದಾಟಿತು. ಎರಡನೆಯದು 248ಕ್ಕೆ ನಿಂತಿತು. ಮೂರನೆಯದು 272. ಲೋಚೋ ತಿನ್ನುತ್ತಿದ್ದವರು ಕೈಯಲ್ಲಿ ಚಮಚ ಹಿಡಿದೇ ಸುತ್ತ ಬಂದು ನೋಡತೊಡಗಿದರು. “ಕಿಲೋನಾ ಕೇಟ್ಲಾ?”, ಕಿಲೋಗೆ ಎಷ್ಟು, ಎಂದು ಒಬ್ಬ ಕುಶಾಲು ಮಾಡಿದ.

ತೂಕ ಪಾಸಾದ ಮೇಲೆ ಗಾಳಿಯಲ್ಲಿ ತಿರುಗಿಸಿ ಎಸೆಯುವುದು. ಪಟ್ಟಿಗಳ ಬಣ್ಣ ಒಂದೇ ಸುತ್ತಿನಲ್ಲಿ ನೆಟ್ಟಗೆ ತಿರುಗಿದರೆ ಸರಿ. ಹಳದಿ-ನೀಲಿ ಅತ್ತಿತ್ತ ಓಲಾಡಿದರೆ ವಾಲ್ವಿನ ಕಡೆ ಭಾರ ಹೆಚ್ಚಿದೆ ಎಂದರ್ಥ. ಸುತ್ತಿಲ್ಲದೆ ಹೊಡೆಯುವ ಫ್ಲೋಟ್ ಸರ್ವೀಸಿನಲ್ಲಿ ಚೆಂಡು ನಡುಗುತ್ತ ಬರುವುದು ಪಟ್ಟಿಗಳ ಅಂಚಿನಲ್ಲಿ ಗಾಳಿ ಒಂದೊಂದು ಕಡೆ ಒಂದೊಂದು ರೀತಿ ಸೀಳಿಹೋಗುವುದರಿಂದ. ಆ ನಡುಕ ಆಟಗಾರನ ಕೈಚಳಕ. ಭಾರ ತಪ್ಪಿದ ಚೆಂಡು ಯಾರು ಹೊಡೆದರೂ ನಡುಗುತ್ತದೆ. ಅಂಥದ್ದರಲ್ಲಿ ಕಲಿತ ಹುಡುಗನಿಗೆ ತಾನು ಒಳ್ಳೆಯ ಸರ್ವೀಸ್ ಮಾಡಿದೆನೋ, ಚೆಂಡೇ ಕುಡಿದಿತ್ತೋ ತಿಳಿಯುವುದೇ ಇಲ್ಲ. ಅಗ್ಗದ ಚೆಂಡಿನ ಬಗ್ಗೆ ನನಗಿರುವ ದೊಡ್ಡ ದೂರು ಇದೇ. ಬೇಗ ಹರಿದರೆ ಹರಿಯಲಿ, ಸುಳ್ಳು ಹೇಳಬಾರದು.

ಊರಿನಲ್ಲಿ ಹೊನಲು ಬೆಳಕಿನ ಪಂದ್ಯಾಟಗಳಿಗೆ ಹೋಗುತ್ತಿದ್ದ ಕಾಲದಲ್ಲಿ ಇಷ್ಟೆಲ್ಲ ಯಾರು ನೋಡುತ್ತಿದ್ದರು? ಗದ್ದೆ ಕೊಯ್ಲಾದ ಮೇಲೆ ಟ್ಯೂಬ್‌ಲೈಟ್ ಕಟ್ಟಿ, ಮೈಕಿನಲ್ಲಿ ಕಾಮೆಂಟರಿ ಹಾಕಿ, ಬಾಳೆಗೊನೆಯನ್ನೋ ಕೋಳಿಯನ್ನೋ ಬಹುಮಾನ ಇಟ್ಟು ಬೆಳಗಿನವರೆಗೆ ಆಡುತ್ತಿದ್ದೆವು. ಇಬ್ಬನಿ ಕುಡಿದ ಚರ್ಮದ ಚೆಂಡು ನಡುರಾತ್ರಿ ದಾಟಿದ ಮೇಲೆ ತೆಂಗಿನಕಾಯಿಯಷ್ಟು ಭಾರ. ಅಂಥ ಅಂಗಳಗಳ ಸೀಮೆಯಿಂದಲೇ ಅಶ್ವಲ್ ರೈಯಂಥವರು ದೇಶದ ತಂಡಕ್ಕೆ ಹೋದರು. 2022ರಲ್ಲಿ ಮೊದಲ ಪ್ರೈಮ್ ವಾಲಿಬಾಲ್ ಲೀಗಿನ ಫೈನಲಿನಲ್ಲಿ ಅವರ ನಾಯಕತ್ವದ ಕೋಲ್ಕತ್ತ ತಂಡ ಸೋಲಿಸಿದ್ದು ಅಹಮದಾಬಾದನ್ನು. ಮರುವರ್ಷ ಕೊಚ್ಚಿಯಲ್ಲಿ ಅದೇ ಅಹಮದಾಬಾದ್ ಬೆಂಗಳೂರನ್ನು 3-2ರಿಂದ ಸೋಲಿಸಿ ಕಪ್ಪು ಗೆದ್ದಿತು. ಆ ರಾತ್ರಿ ನನ್ನ ಹೋಟೆಲಿನ ಟೀವಿಯೆದುರು ಅಡುಗೆಯವರೆಲ್ಲ ಬೆಂಗಳೂರಿನ ಕಡೆ, ಗಿರಾಕಿಗಳೆಲ್ಲ ಅಹಮದಾಬಾದಿನ ಕಡೆ. ಮಾಲಕನಾದವ ಯಾರ ಕಡೆ ಎಂದು ಬಾಯಿಬಿಡಲಿಲ್ಲ. ಗುಜರಾತಿಗಳಿಗೆ ವ್ಯಾಪಾರ ಬಿಟ್ಟು ಬೇರೆ ಗೊತ್ತಿಲ್ಲ ಎನ್ನುವವರು ಕೋಡಿನಾರ್ ಹತ್ತಿರದ ಸರ್ಖಡಿ ಹಳ್ಳಿಗೆ ಹೋಗಿ ನೋಡಬೇಕು. ಆ ಊರು ಹೆಸರಾದದ್ದೇ ಹೆಣ್ಣುಮಕ್ಕಳ ವಾಲಿಬಾಲಿನಿಂದ.

ಚೌಕಾಸಿ ಬೇಗ ಮುಗಿಯಿತು. ಬೆಲೆ ಇಳಿಸಲು ಒಪ್ಪದ ಅಂಗಡಿಯವ ಪಂಪಿನ ಪಿನ್ನು ಎರಡು ಪುಕ್ಕಟೆ ಕೊಟ್ಟ. ಪಿನ್ನಿಗೆ ಬೆಲೆಯಿಲ್ಲ ಎಂದುಕೊಳ್ಳುವವರು ಅದನ್ನು ಒಣಗಿದ್ದಾಗಲೇ ವಾಲ್ವಿಗೆ ತುರುಕಿ ರಬ್ಬರ್ ಹರಿಯುತ್ತಾರೆ. ಒಂದು ಹನಿ ಗ್ಲಿಸರಿನ್, ಅದಿಲ್ಲದಿದ್ದರೆ ಎಂಜಲಾದರೂ ಬೇಕು. ಇನ್ನು ಗಾಳಿಗೆ ಪಂಚರ್ ಅಂಗಡಿಗೆ ಹೋಗಲೇಬಾರದು. ವಾಲಿಬಾಲಿಗೆ ಬೇಕಾದದ್ದು ಚದರ ಸೆಂಟಿಮೀಟರಿಗೆ 0.30ರಿಂದ 0.325 ಕಿಲೋ ಒತ್ತಡ, ಅಂದರೆ ಚದರ ಇಂಚಿಗೆ ನಾಲ್ಕೂವರೆ ಪೌಂಡಿನ ಹತ್ತಿರ. ಸ್ಕೂಟರ್ ಟೈರಿಗೆಂದು ಇಟ್ಟ ಮೀಟರಿನ ಮುಳ್ಳು ಅಷ್ಟಕ್ಕೆ ಮೈ ಮುರಿಯುವುದೂ ಇಲ್ಲ. ಅದು ಏಳುವಷ್ಟರಲ್ಲಿ ಒಳಗಿನ ದಾರ ಕಿತ್ತು ಚೆಂಡಿನ ಒಂದು ಬದಿ ಗಂಟು ಬಂದಿರುತ್ತದೆ. ಕೈಪಂಪಿನಲ್ಲಿ ಸ್ವಲ್ಪ ಸ್ವಲ್ಪವೇ ಹೊಡೆದು, ಎರಡೂ ಹೆಬ್ಬೆರಳಿನಿಂದ ಒತ್ತಿ ನೋಡುವುದೇ ಸರಿ: ಮೈ ಒಂದಿಷ್ಟು ತಗ್ಗಿ ತಕ್ಷಣ ಎದ್ದು ಬರಬೇಕು.

ಹಳೆಯ ಚೆಂಡನ್ನು ಎಸೆಯುವ ಮಾತಿಲ್ಲ. ಅದಕ್ಕೆ ಗೋಡೆಯ ಕೆಲಸ. ಒಬ್ಬನೇ ಗೋಡೆಗೆ ಹೊಡೆದು ಪಾಸ್ ಅಭ್ಯಾಸ ಮಾಡಲು ಮೈ ಸವೆದ ಚೆಂಡೇ ಸಾಕು. ಹೊಸತಕ್ಕೆ ಮೊದಲ ದಿನವೇ ಹಚ್ಚೆ ಹಾಕಬೇಕು, ಯಾಕೆಂದರೆ ಪಕ್ಕದ ಗೋಡೌನಿನಲ್ಲೂ ಒಂದು ಗುಂಪು ಆಡುತ್ತದೆ, ಅವರದೂ ಹಳದಿ-ನೀಲಿಯೇ. ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಹೆಸರು ಬರೆದರೆ ಜಗಳ ತಪ್ಪುವುದಿಲ್ಲ. ಹುಡುಗ ಮಾರ್ಕರ್ ತೆಗೆದು ವಾಲ್ವಿನ ಪಕ್ಕದ ಹಳದಿ ಪಟ್ಟಿಯ ಮೇಲೆ ದಪ್ಪಗೆ ಕನ್ನಡದ ‘ಉ’ ಬರೆದ. ಮರುವಾರ ಚೆಂಡು ಹೊರಗೆ ಉರುಳಿಹೋದಾಗ ಎತ್ತಿಕೊಟ್ಟ ಆ ಗುಂಪಿನವನೊಬ್ಬ ಅಕ್ಷರವನ್ನು ತಿರುಗಿಸಿ ತಿರುಗಿಸಿ ನೋಡಿ, “ಯೇ ಕೌನ್‌ಸೀ ಕಂಪನಿ ಹೈ?” ಎಂದು ಕೇಳಿದ.

“ಇಂಪೋರ್ಟೆಡ್” ಎಂದ ನನ್ನ ಅಕ್ಕನ ಮಗ.